"ನಿಮ್ಮಲ್ಲಿ ಇದಕ್ಕೆಲ್ಲ ಒಪ್ತಾರಾ?"

ಶಿಡ್ಲಘಟ್ಟದಲ್ಲಿ ನಾನು ನಮ್ಮ ಮುಸ್ಲಿಂ ಹೆಣ್ಣುಮಕ್ಕಳಿಗೆ ಮುಟ್ಟು, ರಕ್ತಹೀನತೆ, ಬಸಿರು ಇವುಗಳ ಬಗ್ಗೆ ಹೇಳಿಕೊಡುತ್ತೇನೆ. ಸರ್ಕಾರ 10ರಿಂದ 19 ವರ್ಷದವರಿಗಾಗಿ 2014ರಲ್ಲಿ ಶುರು ಮಾಡಿದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಹೇಳುವುದೂ ಇದನ್ನೇ. ನನ್ನ ಕೆಲಸ ಗೊತ್ತಾದ ಕೂಡಲೇ ಬಸ್ಸಿನಲ್ಲಿ ಪಕ್ಕ ಕೂತವರಿಂದ ಶಾಲೆಯ ಮೇಷ್ಟ್ರವರೆಗೆ ಕೇಳುವುದು ಒಂದೇ: "ನಿಮ್ಮಲ್ಲಿ ಇದಕ್ಕೆಲ್ಲ ಒಪ್ತಾರಾ?" ನಮ್ಮ ಮೊಹಲ್ಲಾದವರದ್ದು ಇನ್ನೊಂದು: "ಇದು ಹರಾಮ್ ಅಲ್ವಾ?" ಹೇಳಿ ಹೇಳಿ ಸಾಕಾಗಿದೆ. ಬರೆದುಬಿಡುತ್ತೇನೆ.

ಒಪ್ಪುವ ಮಾತೇ ಅಲ್ಲ, ಕಲಿಸಲೇಬೇಕು. ಫಿಕ್ಹ್, ಅಂದರೆ ಧರ್ಮದ ನಿಯಮಗಳ ಪುಸ್ತಕಗಳು ಶುರುವಾಗುವುದೇ ಶುದ್ಧಿಯ ಅಧ್ಯಾಯದಿಂದ. ಮುಟ್ಟಿನ ನಿಯಮ ಇರುವುದು ಅಲ್ಲೇ. ನಾವು ಪಾಲಿಸುವ ಹನಫಿ ಪದ್ಧತಿಯಲ್ಲಿ ಮುಟ್ಟು ಕನಿಷ್ಠ 3 ದಿನ, ಜಾಸ್ತಿ ಅಂದರೆ 10 ದಿನ. ಅಷ್ಟು ದಿನ ನಮಾಜು ಇಲ್ಲ. ಅದನ್ನು ದಾಟಿದ ರಕ್ತಕ್ಕೆ ಇಸ್ತಿಹಾಜಾ ಅನ್ನುತ್ತಾರೆ. ಆಗ ನಮಾಜು ಬಿಡುವಂತಿಲ್ಲ.

ಒಮ್ಮೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರೊಬ್ಬರ ಮನೆಯಲ್ಲಿ ಹತ್ತು ಹುಡುಗಿಯರನ್ನು ಕೂರಿಸಿಕೊಂಡಿದ್ದೆ. ಬೇಯಿಸಿದ ಗೂಡಿನ ವಾಸನೆ ಮನೆ ತುಂಬ. ಮನೆಯಾಕೆ ಬಂದು, "ಆಪಾ, ಇದೆಲ್ಲ ಮದುವೆ ಆದ್ಮೇಲೆ ತಿಳ್ಕೊಳ್ತಾರೆ ಬಿಡಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿದ್ದ ಅತ್ತೆ ಗದರಿದರು: "ಅಲ್ಲಿವರೆಗೂ ನಮಾಜು ಯಾವಾಗ ಬಿಡ್ಬೇಕು, ಯಾವಾಗ ಹಿಡೀಬೇಕು ಅಂತ ಹುಡುಗೀಗೆ ಯಾರು ಹೇಳ್ತಾರೆ? ನೀನು ಹೇಳಿದ್ದೀಯಾ?" ಹುಡುಗಿಯರು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಸೊಸೆಯೂ ನಕ್ಕು ಕೂತರು. ಹೊರಡುವಾಗ ಒಬ್ಬಳು ಬಾಗಿಲ ಹತ್ತಿರ ಕೈ ಹಿಡಿದುಕೊಂಡಳು. ಅವಳಿಗೆ ಪ್ರತಿ ಸಲ 15 ದಿನ ಹೋಗುತ್ತಿತ್ತು. ಎಲ್ಲರಿಗೂ ಹೀಗೇ ಅಂದುಕೊಂಡಿದ್ದಳು. 10 ದಿನದ ಲೆಕ್ಕ ಕೇಳಿದ ಮೇಲೆ ಭಯವಾಯಿತಂತೆ. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಪ್ರವಾದಿಯವರ ಪತ್ನಿ ಆಯಿಶಾರ ಮಾತೊಂದು ಹದೀಸ್‌ನಲ್ಲಿದೆ: ಮದೀನಾದ ಅನ್ಸಾರಿ ಹೆಂಗಸರು ಎಷ್ಟು ಒಳ್ಳೆಯವರು, ಧರ್ಮ ತಿಳಿಯಲು ಅವರಿಗೆ ನಾಚಿಕೆ ಅಡ್ಡ ಬರಲಿಲ್ಲ. ಅಲ್ಲಿ ಕೇಳಿದ್ದ ಪ್ರಶ್ನೆ ಮುಟ್ಟು ನಿಂತ ಮೇಲಿನ ಸ್ನಾನದ್ದು.

ಇನ್ನು ಆ "ನಿಮ್ಮಲ್ಲಿ" ಅನ್ನೋ ಮಾತು. ಮೈನೆರೆದಾಗ ಚಿಗಳಿ ತಿನ್ನಿಸಿ ಆರತಿ ಎತ್ತುವ ಮನೆಗಳಲ್ಲಿ ಮಗಳಿಗೆ ಮುಂಚೆಯೇ ಹೇಳಿರುತ್ತೀರಾ? ಅವಳೂ ಮೊದಲ ದಿನ ಬಚ್ಚಲಲ್ಲಿ ಹೆದರಿ ಅಳುತ್ತಾಳೆ.

ನನ್ನನ್ನು ಯಾರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆ. ಮೈನೆರೆದವಳು ಮದುವೆಗೆ ಸಿದ್ಧಳಾ? ಹಳೆಯ ಫಕೀಹರು, ಅಂದರೆ ಫಿಕ್ಹ್ ಪಂಡಿತರು, ಚಿಕ್ಕ ವಯಸ್ಸಿನ ಮದುವೆಗೆ ಜಾಗ ಕೊಟ್ಟಿದ್ದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೈನೆರೆಯುವುದು ಬುಲೂಗ್, ವಿವೇಕ ಬರುವುದು ರುಷ್ದ್, ಎರಡೂ ಬೇರೆ ಬೇರೆ. ಅನಾಥ ಮಕ್ಕಳ ಆಸ್ತಿಯ ಬಗ್ಗೆ ಕುರಾನಿನ 4:6 ಹೇಳುವುದು ಅದನ್ನೇ: ಮದುವೆಯ ವಯಸ್ಸಿಗೆ ಬಂದರೂ ವಿವೇಕ ಕಂಡ ಮೇಲೆಯೇ ಆಸ್ತಿ ಕೈಗೆ ಕೊಡಿ. ಆಸ್ತಿಗೇ ಇಷ್ಟು ಎಚ್ಚರ ಬೇಕಾದರೆ ಬಸಿರು, ಹೆರಿಗೆಗೆ ಬೇಡವಾ? ದೇಶದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹುಡುಗಿಗೆ 18 ಅನ್ನುತ್ತದೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮದುವೆಯೇ ಅಲ್ಲ.

16ರ ಮಗಳಿಗೆ ಗಂಡು ನೋಡುತ್ತಿದ್ದ ರೀಲರೊಬ್ಬರನ್ನು ಕೇಳಿದೆ: "ಭಾಯ್, ನಾಳೆ ಗೂಡಿನ ದುಡ್ಡು ಅವಳ ಕೈಗೆ ಕೊಟ್ಟು ಮಾರ್ಕೆಟ್ಟಿಗೆ ಕಳಿಸ್ತೀರಾ?"

"ಅಯ್ಯೋ ಆಪಾ, ಅಷ್ಟೊಂದು ದುಡ್ಡು! ಅವಳಿನ್ನೂ ಚಿಕ್ಕ ಹುಡುಗಿ" ಎಂದರು. ಆಮೇಲೆ ತುಂಬ ಹೊತ್ತು ಏನೂ ಮಾತಾಡಲಿಲ್ಲ.