ಅಮ್ಮನಿಗೆ ಚೀನಾದ ಅರಮನೆ ಓದಿ ಹೇಳಿದ್ದು

ಅಮ್ಮನಿಗೆ ಎರಡೂ ಮೊಣಕಾಲಿನ ಆಪರೇಷನ್ ಆಯಿತು, ಒಂದಾದ ಮೇಲೊಂದು. ನಾಲ್ಕು ತಿಂಗಳು ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲೇ ಇದ್ದಳು. ಸಾಗರದ ಹತ್ತಿರದ ಊರಲ್ಲಿ ತೋಟ, ಕೊಟ್ಟಿಗೆ ಅಂತ ಓಡಾಡಿಕೊಂಡಿದ್ದವಳಿಗೆ ಇಲ್ಲಿ ಎದುರು ಬಾಲ್ಕನಿಯವರ ಒಣಹಾಕಿದ ಬಟ್ಟೆ ಬಿಟ್ಟರೆ ನೋಡಲು ಏನೂ ಇಲ್ಲ. ಮೊದಲ ವಾರ ಕನ್ನಡ ಧಾರಾವಾಹಿ ಹಾಕಿಕೊಟ್ಟೆ. "ಇದೇ ಮದುವೆ ಹೋದ ವರ್ಷವೂ ನಿಲ್ಲಿಸ್ತಾ ಇದ್ರು" ಎಂದು ರಿಮೋಟ್ ಪಕ್ಕಕ್ಕಿಟ್ಟಳು.

ನಾನು ಆಗ ರಾತ್ರಿ ಹೊತ್ತು ಒಂದು ಚೀನೀ ಧಾರಾವಾಹಿ ನೋಡುತ್ತಿದ್ದೆ. 'ಲಾಂಗ್ಯಾ ಬಾಂಗ್' ಅಂತ, ಇಂಗ್ಲಿಷಿನಲ್ಲಿ 'ನಿರ್ವಾಣ ಇನ್ ಫೈರ್'. 2015ರದ್ದು, 54 ಕಂತು. ಒಂದು ಮಧ್ಯಾಹ್ನ ಊಟ ಮಾಡುತ್ತಾ ಹಾಕಿದ್ದೆ. ಅಮ್ಮ ಸೋಫಾದಿಂದಲೇ ಕೇಳಿದಳು, "ಅವನ್ಯಾಕೆ ಹಂಗೆ ಕೆಮ್ತಾನೆ?"

ಅಲ್ಲಿಂದ ಶುರುವಾಯಿತು. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಸಬ್‌ಟೈಟಲ್ ಓದಿಕೊಂಡು ಕನ್ನಡದಲ್ಲಿ ಹೇಳಬೇಕು. ಚೀನೀ ಹೆಸರುಗಳು ಅವಳ ಬಾಯಿಗೆ ಹೊರಳಲಿಲ್ಲ. ಕಥಾನಾಯಕ ಮೇ ಚಾಂಗ್‌ಸು 'ಕೆಮ್ಮುವವನು' ಆದ. ಅವನ ಗೆಳೆಯ ರಾಜಕುಮಾರ ಜಿಂಗ್‌ನನ್ನು ಧಾರಾವಾಹಿಯಲ್ಲೇ ನೀರೆಮ್ಮೆ ಅಂತ ಛೇಡಿಸುತ್ತಾರೆ. ಹಠಮಾರಿ, ಚಹಾ ಬಿಟ್ಟು ಬರೀ ನೀರು ಕುಡಿಯುವವನು. "ಕೋಣ ಅನ್ನು, ಸಾಕು. ನಮ್ಮಲ್ಲೂ ಅದೇ ಬೈಗುಳ" ಎಂದಳು ಅಮ್ಮ. 54 ಕಂತೂ ಅವನು ಕೋಣನೇ.

ತೊಂದರೆ ಬಂದದ್ದು ಸಂಬಂಧಗಳಲ್ಲಿ. ನಾನು "ಅವನು ಇವನ ಕಸಿನ್" ಎಂದೆ. "ಯಾವ ಕಸಿನ್? ಚಿಕ್ಕಪ್ಪನ ಮಗನೋ, ಮಾವನ ಮಗನೋ?" ಗೊತ್ತಿಲ್ಲ ಎಂದರೆ ಬಿಡುವವಳಲ್ಲ. ಪಾಜ್ ಮಾಡಿ ವಂಶವೃಕ್ಷ ಹುಡುಕಬೇಕಾಯಿತು. (ಇನ್ನೂ ನೋಡದವರು ಮುಂದಿನ ಪ್ಯಾರಾ ಹಾರಿಸಿ.)

ಕೆಮ್ಮುವವನ ಅಮ್ಮ ರಾಜನ ಒಡಹುಟ್ಟಿದವಳು. ಅವನ ಅಪ್ಪನ ತಂಗಿ ಅದೇ ರಾಜನ ರಾಣಿಯರಲ್ಲಿ ಒಬ್ಬಳು. ಅಂದರೆ ಹೆಣ್ಣು ಕೊಟ್ಟು ಹೆಣ್ಣು ತಂದ ಮನೆಗಳು. ರಾಜ ಇವನಿಗೆ ಸೋದರಮಾವ. ಆ ಸೋದರಮಾವ ಸುಳ್ಳು ದೂರು ನಂಬಿ ಇವನ ಅಪ್ಪನನ್ನೂ 70,000 ಸೈನಿಕರನ್ನೂ ಕೊಲ್ಲಿಸಿದ್ದಾನೆ. ಇಷ್ಟು ಹೇಳುವುದರೊಳಗೆ ಅಮ್ಮ, "ಸೋದರಮಾವನಾ! ಮೊದಲೇ ಹೇಳೋದಲ್ವಾ. ಹಂಗಾದ್ರೆ ಕಂಸ" ಎಂದಳು. ನಾನು ಹತ್ತು ಕಂತು ನೋಡಿಯೂ ರಾಜನನ್ನು ಸುಮ್ನೆ ಒಬ್ಬ ಸಂಶಯದ ಮುದುಕ ಅಂದುಕೊಂಡಿದ್ದೆ. ಅಮ್ಮನಿಗೆ ಒಂದೇ ಪದದಲ್ಲಿ ಪಾಪದ ತೂಕ ಸಿಕ್ಕಿತ್ತು.

ಆಮೇಲೆ ನಾನು ಕಿವಿಗೊಟ್ಟು ಕೇಳತೊಡಗಿದೆ. ಇಂಗ್ಲಿಷ್ ಸಬ್‌ಟೈಟಲ್ ಎಲ್ಲರನ್ನೂ 'ಸಿಸ್ಟರ್' ಅನ್ನುತ್ತದೆ. ಅವರು ಬಾಯಲ್ಲಿ ಹೇಳುವುದು 'ಜೀಜೀ', 'ಮೇಮೇ'. ಅಕ್ಕ, ತಂಗಿ. ಅರಮನೆಯ ಸವತಿಯರು ಹಲ್ಲು ಕಡಿಯುತ್ತಾ ಒಬ್ಬರನ್ನೊಬ್ಬರು ಅಕ್ಕಾ ತಂಗೀ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ವಿಷ ಇಳಿಯುವುದೇ ಇಲ್ಲ. ಕನ್ನಡಕ್ಕೆ ತಂದರೆ ತಾನಾಗಿಯೇ ಬರುತ್ತದೆ. ರಾಜನ ಮಾತಿಗೆ ನಾನು "ನಾನು ಒಪ್ಪುವುದಿಲ್ಲ" ಎಂದು ಅನುವಾದ ಮಾಡಿದರೆ ಅಮ್ಮ ತಿದ್ದಿದಳು: "ಯಾವ ರಾಜ ನಾನು ಅಂತಾನೆ? ನಾವು ಅನ್ನು." ಚೀನಾದ ಚಕ್ರವರ್ತಿ ತನಗೆ ಹೇಳಿಕೊಳ್ಳುವ ಪದ 'ಝೆನ್'. ಕ್ರಿ.ಪೂ. 221ರಲ್ಲಿ ಮೊದಲ ಚಕ್ರವರ್ತಿ ಆ ಪದವನ್ನು ತನಗೊಬ್ಬನಿಗೇ ಇಟ್ಟುಕೊಂಡ. ಅಮ್ಮನ 'ನಾವು' ಅದಕ್ಕೆ ಸಬ್‌ಟೈಟಲ್‌ನ 'ಐ'ಗಿಂತ ಹತ್ತಿರ.

ಇದೇ ಧಾರಾವಾಹಿಯಲ್ಲಿ ಮರೆವು ಬಂದ ಮುದಿ ರಾಜಮಾತೆಯೊಬ್ಬಳಿದ್ದಾಳೆ. ನಾಯಕ ಸತ್ತನೆಂದು ಲೋಕ ನಂಬಿದೆ, ಮುಖವೂ ಪೂರ್ತಿ ಬದಲಾಗಿದೆ. ಆದರೂ ಮುದುಕಿ ಅವನನ್ನು ಚಿಕ್ಕಂದಿನ ಹೆಸರು ಹಿಡಿದು 'ಶಿಯಾವ್ ಶು' ಎಂದು ಕರೆದು, ಹಿಂದೆ ನಿಶ್ಚಯವಾಗಿದ್ದ ಹುಡುಗಿಯ ಕೈಯನ್ನು ಅವನ ಕೈಯಲ್ಲಿ ಇಡುತ್ತಾಳೆ. ಸುತ್ತ ಇದ್ದವರು ಅರಳುಮರಳು ಅಂದುಕೊಳ್ಳುತ್ತಾರೆ. "ಮುಖವೇ ಬೇರೆ, ಹೇಗೆ ಗುರುತು ಸಿಗುತ್ತೆ ಅಮ್ಮಾ?" ಎಂದೆ. "ಮುಖ ನೋಡಿ ಅಲ್ಲ ಕಣೇ. ನಿಂತಿದ್ದು ನೋಡಿ."

ಮುಂದಿನದು 'ಯಾನ್‌ಶೀ' ಅರಮನೆಯ ಕಥೆ. 2018ರದ್ದು, 70 ಕಂತು. ಇದು ಚಿಂಗ್ ವಂಶದ ಚಕ್ರವರ್ತಿ ಚಿಯಾನ್‌ಲಾಂಗ್‌ನ ಕಾಲ. "ಯಾವಾಗ ಅದು?" ಎಂದಳು. ನಮ್ಮಲ್ಲಿ ಹೈದರಾಲಿ ಇದ್ದಾಗ ಎಂದೆ. ಆ ಚಕ್ರವರ್ತಿ ಸತ್ತದ್ದು 1799ರಲ್ಲಿ, ಟಿಪ್ಪು ಶ್ರೀರಂಗಪಟ್ಟಣದಲ್ಲಿ ಬಿದ್ದ ವರ್ಷವೇ. ಗಂಡಸರೆಲ್ಲ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಟ್ಟಿದ್ದನ್ನು ನೋಡಿ ಅಮ್ಮ, "ಎಲ್ಲಾ ಪುರೋಹಿತರ ಥರ ಇದಾರಲ್ಲೇ" ಎಂದು ನಕ್ಕಳು. ನಗುವ ವಿಷಯ ಅಲ್ಲ ಅದು. ಚಿಂಗ್ ದೊರೆಗಳು ಮಂಚೂ ಜನ. ಚೀನಾ ಗೆದ್ದ ಮೇಲೆ 1645ರಲ್ಲಿ ಹಾನ್ ಗಂಡಸರೆಲ್ಲ ತಮ್ಮಂತೆಯೇ ತಲೆ ಬೋಳಿಸಬೇಕು, ಇಲ್ಲದಿದ್ದರೆ ತಲೆಯೇ ಹೋಗುತ್ತದೆ ಎಂದು ಆಜ್ಞೆ ಮಾಡಿದರು. ಕೂದಲಿಗಾಗಿ ಸತ್ತವರಿದ್ದಾರೆ. ಹೇಳಿದೆ. ಅಮ್ಮ ನಗು ನಿಲ್ಲಿಸಿದಳು.

ಇನ್ನೊಂದು ಮಜಾ. ರಾಜಕುಮಾರರು ಅಪ್ಪನನ್ನು ಕರೆಯುವುದು 'ಹುವಾಂಗ್ ಅಮಾ'. ಮಂಚೂ ಭಾಷೆಯಲ್ಲಿ 'ಅಮಾ' ಅಂದರೆ ಅಪ್ಪ. ಹುಡುಗ ಅಮಾ ಅಂತ ಓಡಿ ಬಂದಾಗಲೆಲ್ಲ ಅಮ್ಮ ರಾಣಿಯ ಕಡೆ ನೋಡುತ್ತಿದ್ದಳು. ಅಷ್ಟೂ ಕಂತು ಮುಗಿದರೂ ಅಭ್ಯಾಸ ಆಗಲಿಲ್ಲ.

"ಇದು ನಿಜವಾದ ಅರಮನೆನಾ?" ಅಲ್ಲ. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡಿಯಾನ್ ಅನ್ನುವಲ್ಲಿ ಬೀಜಿಂಗ್ ಅರಮನೆಯ ಪ್ರತಿಯನ್ನೇ ಕಟ್ಟಿ ನಿಲ್ಲಿಸಿದ್ದಾರೆ, ಶೂಟಿಂಗಿಗೆಂದೇ. ನಿಜವಾದ ಯಾನ್‌ಶೀ ಅರಮನೆ 1845ರ ಬೆಂಕಿಯಲ್ಲಿ ಹೋಯಿತು. ಅದೇ ಜಾಗದಲ್ಲಿ 1909ರಲ್ಲಿ ಕಬ್ಬಿಣ, ಗಾಜಿನ ಕಟ್ಟಡ ಶುರು ಮಾಡಿದರು. ಅದು ಮುಗಿಯುವ ಮೊದಲೇ ವಂಶ ಮುಗಿಯಿತು.

ಈ ಕಥೆಯಲ್ಲಿ ಫೂಚಾ ರಾಣಿ ಹಾಲಿನಂಥವಳು. ದಾಸಿಯಾಗಿ ಬಂದು ಮೇಲೇರುವ ವೇ ಮನೆತನದ ಹುಡುಗಿ ನಾಯಕಿ. ನಾರಾ ರಾಣಿ ಒಳಗೊಳಗೇ ಕತ್ತು ಕೊಯ್ಯುವವಳು. ಅಮ್ಮ ನಾರಾಳನ್ನು ಬೈದಷ್ಟು ನಮ್ಮ ತೋಟದ ಮಂಗಗಳನ್ನೂ ಬೈದಿರಲಿಕ್ಕಿಲ್ಲ.

ಆಮೇಲೆ 'ರೂಯಿ'ಯ ಕಥೆ ಹಾಕಿದೆ. 87 ಕಂತು. ಅದೂ 2018ರದ್ದೇ. ಅದೇ ಚಕ್ರವರ್ತಿ, ಅದೇ ಅಂತಃಪುರ, ಅವರೇ ಹೆಂಗಸರು. ಆದರೆ ಇಲ್ಲಿ ನಾರಾ ರಾಣಿಯೇ ನಾಯಕಿ, ಹೆಸರು ರೂಯಿ! ಝೋ ಶುನ್ ಆ ಪಾತ್ರ ಮಾಡಿದ್ದಾಳೆ. ಫೂಚಾ ರಾಣಿ ಸವತಿಯರಿಗೆ ಮಕ್ಕಳಾಗದಂತೆ ಮದ್ದು ತುಂಬಿದ ಬಳೆ ಕೊಡುವವಳು. ವೇ ಹುಡುಗಿ ಪರಮ ಪಾಪಿ. ಅಮ್ಮನಿಗೆ ತಲೆ ಕೆಡಬಹುದು ಅಂದುಕೊಂಡೆ. ಕೆಡಲಿಲ್ಲ. "ತಾಳಮದ್ದಲೆಯಲ್ಲಿ ಇವತ್ತು ಕೌರವನ ಅರ್ಥ ಹೇಳಿದವರೇ ಮುಂದಿನ ವಾರ ಕೃಷ್ಣನ ಅರ್ಥ ಹೇಳಲ್ವಾ? ಇವಳ ಕಡೆಯದ್ದೂ ಕೇಳೋಣ" ಎಂದಳು. ಕಸ್ತೂರಿಯ ವಿಷಯದಲ್ಲಿ ಮಾತ್ರ ಜಗಳ ಮಾಡಿದಳು. ಈ ಅರಮನೆ ಕಥೆಗಳಲ್ಲಿ ಬಸಿರು ಇಳಿಸಬೇಕು ಅಂದರೆ ಕಸ್ತೂರಿ ಬಂತೆಂದೇ ಲೆಕ್ಕ. "ನಾವು ಕೂಸಿಗೆ ಶೀತ ಆದ್ರೆ ಕಸ್ತೂರಿ ಮಾತ್ರೆ ತೇಯ್ದು ಹಾಕ್ತಿದ್ವಿ. ಇವರೇನು ಹೀಗೆ?"

ನನಗೆ ನೆನಪಿರುವ ದಿನ ಮಾತ್ರ ಬೇರೆ. ಭಾನುವಾರ. ಎಂಬತ್ತರ ಮೇಲಿನ ಯಾವುದೋ ಕಂತು. ಚಕ್ರವರ್ತಿ ದಕ್ಷಿಣದ ಪ್ರವಾಸ ಹೊರಟಿದ್ದಾನೆ. ಗಂಡ ಹೆಂಡತಿಗೆ ಜಗಳವಾಗುತ್ತದೆ. ರೂಯಿ ಅವನೆದುರೇ ತನ್ನ ಒಂದು ಎಳೆ ಕೂದಲು ಕತ್ತರಿಸುತ್ತಾಳೆ. ಚಕ್ರವರ್ತಿಯ ಮುಖ ಬಿಳಿಚಿಕೊಳ್ಳುತ್ತದೆ.

ನಾನು ಪಾಜ್ ಒತ್ತಿದೆ, ವಿವರಿಸಬೇಕಲ್ಲ. ಇದು ನಿಜವಾಗಿ ನಡೆದದ್ದು ಎಂದೆ. 1765ರಲ್ಲಿ ಹಾಂಗ್‌ಝೋ ಊರಲ್ಲಿದ್ದಾಗ ಏನೋ ಆಯಿತು. ರಾಣಿಯನ್ನು ಬೀಜಿಂಗಿಗೆ ವಾಪಸ್ ಕಳಿಸಿದರು. ಅವಳು ಕೂದಲು ಕತ್ತರಿಸಿಕೊಂಡಳೆಂದು ಎಷ್ಟೋ ವರ್ಷಗಳ ಮೇಲೆ ಚಕ್ರವರ್ತಿಯೇ ಹೇಳಿದ. ಮಂಚೂ ಪದ್ಧತಿಯಲ್ಲಿ ರಾಣಿ ಕೂದಲು ಕತ್ತರಿಸುವುದು...

"ಗಂಡ ಸತ್ತಾಗ" ಎಂದಳು ಅಮ್ಮ.

ನಾನು ಸುಮ್ಮನಾದೆ. ಅಮ್ಮ ಟಿವಿಯನ್ನೇ ನೋಡುತ್ತಿದ್ದಳು. ಆಮೇಲೆ ಅವಳ ದೊಡ್ಡಜ್ಜಿಯ ವಿಷಯ ಹೇಳಿದಳು. ಅಜ್ಜಿಯ ಅಕ್ಕ. ಕೆಂಪು ಸೀರೆ, ಬೋಳು ತಲೆ, ಮಡಿ. ಹದಿನಾಲ್ಕಕ್ಕೇ ಗಂಡ ಹೋದ. ಅವನನ್ನು ನೋಡಿದ್ದೇ ನಾಲ್ಕೈದು ಸಲ. ತಿಂಗಳಿಗೊಮ್ಮೆ ಹಿತ್ತಿಲ ಕಡೆ ಕ್ಷೌರಿಕ ಬರುತ್ತಿದ್ದ. ಮಕ್ಕಳನ್ನೆಲ್ಲ ಒಳಗೆ ಕಳಿಸುತ್ತಿದ್ದರು. ಅಮ್ಮ ಆರೇಳು ವರ್ಷದವಳಿದ್ದಾಗ ಕೇಳಿದ್ದಳಂತೆ, "ಅಜ್ಜೀ, ನಿನ್ನ ಕೂದಲೆಲ್ಲಿ?" ದೊಡ್ಡಜ್ಜಿ ಬತ್ತಿ ಹೊಸೆಯುತ್ತಾ, "ಅವರು ಹೋಗುವಾಗ ತಗೊಂಡು ಹೋದ್ರು" ಎಂದಳಂತೆ.

ಇಷ್ಟು ವರ್ಷದಲ್ಲಿ ನನಗೆ ಇದನ್ನು ಅಮ್ಮ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಸ್ವಲ್ಪ ಹಿಂದೆ ಹಾಕು" ಎಂದಳು. ಹಾಕಿದೆ. ಕೂದಲು ಮತ್ತೆ ತುಂಡಾಯಿತು. ಇನ್ನೊಂದು ಸಲ ಎಂದಳು. ಮೂರನೆಯ ಸಲ, "ಎದುರಿಗೆ ಕೂತಿದಾನಲ್ಲೇ ಗಂಡ! ಕಣ್ಣು ಬಿಟ್ಕೊಂಡು ಕೂತಿದಾನೆ. ಅವನ ಎದುರೇ..." ಎಂದು ತೊಡೆ ತಟ್ಟಿದಳು. ಆಪರೇಷನ್ ಆದ ಕಾಲು, ನೋವಾಯಿತು.

"ಆಮೇಲೆ ಏನ್ಮಾಡಿದ ಅವಳನ್ನ?"

ಮರುವರ್ಷ, 1766ರಲ್ಲಿ, ತೀರಿಕೊಂಡಳು. ಅವನು ಬೇಟೆಗೆ ಹೋಗಿದ್ದ, ಬರಲಿಲ್ಲ. ರಾಣಿಗೆ ಸಲ್ಲಬೇಕಾದ ಮರ್ಯಾದೆ ಕೊಡಿಸಲಿಲ್ಲ. ಅವಳಿಗೆ ಬೇರೆ ಸಮಾಧಿಯೂ ಕಟ್ಟಲಿಲ್ಲ, ಕಿರಿಯ ರಾಣಿಯೊಬ್ಬಳ ಸಮಾಧಿಯೊಳಗೆ ಇಟ್ಟರು. ಆದರೆ ಆಮೇಲೆ ಬದುಕಿದ್ದ ಯಾರನ್ನೂ ಅವನು ಪಟ್ಟದ ರಾಣಿ ಮಾಡಲಿಲ್ಲ.

"ಹೆಂಗೆ ಮಾಡ್ತಾನೆ? ಇವಳ ಲೆಕ್ಕದಲ್ಲಿ ಅವನು ಸತ್ತಾಗಿತ್ತಲ್ಲ" ಎಂದು ಟಿವಿ ಆರಿಸು ಎಂದಳು.

ಉಳಿದ ಕಂತುಗಳನ್ನು ಅಮ್ಮ ನೋಡಲೇ ಇಲ್ಲ. ಸಾಯೋದು ಗೊತ್ತಾಯ್ತಲ್ಲ, ಇನ್ನೇನಿದೆ ಅನ್ನುತ್ತಾಳೆ. ಈಗ ಊರಲ್ಲಿದ್ದಾಳೆ, ಕೋಲು ಹಿಡಿದು ತೋಟದವರೆಗೆ ಹೋಗಿ ಬರುತ್ತಾಳೆ. ಮೊನ್ನೆ ಫೋನಿನಲ್ಲಿ ಅಡಿಕೆ ಕೊಯ್ಲಿನ ವಿಷಯವೆಲ್ಲ ಮುಗಿದ ಮೇಲೆ ಕೇಳಿದಳು:

"ಆ ಕೆಮ್ಮುವವನು ಬೇರೆ ಯಾವುದರಲ್ಲಾದ್ರೂ ಬಂದಿದಾನೇನೇ?"