ಹಂಚು ಇಳಿಸಿದ ದಿನ

ಮಂಗಳೂರಿನ ಪಣಂಬೂರು ಅಂದರೆ ಈಗಿನವರಿಗೆ ಬೀಚು, ಗಾಳಿಪಟ, ಚುರುಮುರಿ. ಪಕ್ಕದ ಬಂದರಿನಲ್ಲಿ ಹಡಗು ನಿಲ್ಲುವ ನೀರಿದೆಯಲ್ಲ, ಅದು ಮೊದಲಿಂದ ಇದ್ದ ಕಡಲಲ್ಲ. ನೆಲ ಅಗೆದು ಒಳಗೆ ನೀರು ತಂದದ್ದು. ಆ ಕಡೆಯೆಲ್ಲ ತೆಂಗಿನ ತೋಟ, ಮನೆಗಳಿದ್ದವು. ನಮ್ಮದೂ ಇತ್ತು. 1962ರಲ್ಲಿ ಬಂದರಿನ ಕೆಲಸ ಶುರುವಾದಾಗ ನಾನು ಚಡ್ಡಿ ಹಾಕುವ ಹುಡುಗ.

ನಮ್ಮ ಪಡುವಣಕ್ಕೆ ಮೊಗವೀರರ ಮನೆ. ಅಲ್ಲಿಯ ಹಿರಿಯ ಹೆಂಗಸನ್ನು ನಾವೆಲ್ಲ ಪಡುಮನೆ ದೊಡ್ಡಮ್ಮ ಅನ್ನುತ್ತಿದ್ದೆವು. ಮೂಡಣಕ್ಕೆ ಕೊಂಕಣಿ ಮಾತಾಡುವ ಬಾಯಮ್ಮ, ಕ್ರಿಸ್‌ಮಸ್ಸಿಗೆ ತಟ್ಟೆ ತುಂಬ ಕುಸ್ವಾರ್ ಅನ್ನುವ ಹಬ್ಬದ ತಿಂಡಿ ಕಳಿಸುತ್ತಿದ್ದವರು. ನಡುವೆ ಬೇಲಿ ಅಂತ ಇದ್ದದ್ದು ಮಡಲಿನ ತಟ್ಟಿ. ಮಳೆಗಾಲ ಮುಗಿಯುವಾಗ ಅದು ಅರ್ಧ ಬಿದ್ದಿರುತ್ತಿತ್ತು, ಎತ್ತಿ ನಿಲ್ಲಿಸುವ ಅವಸರ ಯಾರಿಗೂ ಇರಲಿಲ್ಲ. ರಂಪಣಿ ಬಲೆ ಎಳೆಯುವ ದಿನ ಮಕ್ಕಳೂ ಹಗ್ಗಕ್ಕೆ ಕೈ ಹಾಕಬೇಕು. ನಾವು ಎಳೆದದ್ದಕ್ಕಿಂತ ನೇತಾಡಿದ್ದೇ ಜಾಸ್ತಿ, ಆದರೂ ದೊಡ್ಡಮ್ಮ ನಮ್ಮ ಪಾಲು ಅಂತ ನಾಲ್ಕು ಬಂಗುಡೆ ಎತ್ತಿಡುತ್ತಿದ್ದರು.

ಊರು ಬಿಡುವುದು ಖಚಿತವಾದ ಮೇಲೆ ಒಂದೊಂದೇ ಮನೆ ಬಿಚ್ಚತೊಡಗಿದರು. ಹಂಚು, ದಾರಂದ, ಪಕ್ಕಾಸು ಯಾವುದನ್ನೂ ಬಿಡುವ ಹಾಗಿಲ್ಲ, ಹೊಸ ಮನೆಗೆ ಅದೇ ಬೇಕು. ನಮ್ಮ ಮನೆಯ ಸರದಿ ಬೇಗ ಬಂತು. ಮಾಡಿನ ಮೇಲೆ ಪಡುಮನೆಯ ಅಣ್ಣಂದಿರು, ಕೆಳಗೆ ಅಂಗಳದುದ್ದಕ್ಕೂ ನೆರೆಯವರ ಸಾಲು, ಹಂಚು ಕೈಯಿಂದ ಕೈಗೆ ದಾಟಿ ಗಾಡಿಯ ಹತ್ತಿರ ಬರಬೇಕು. ಬಾಯಮ್ಮ ಕೊಂಕಣಿಯಲ್ಲಿ ಎಣಿಸುತ್ತಿದ್ದರು, ಅಪ್ಪ ತುಳುವಿನಲ್ಲಿ. ಇಬ್ಬರ ಲೆಕ್ಕವೂ ಕೂಡಿ ಬರಲಿಲ್ಲ, ಮತ್ತೆ ಮೊದಲಿಂದ ಎಣಿಸಿದರು. ಮಧ್ಯಾಹ್ನ ದೊಡ್ಡಮ್ಮನ ಗಂಜಿ, ಒಣಮೀನಿನ ಚಟ್ನಿ. ನನಗಂತೂ ಅದೊಂದು ಹಬ್ಬ. ಅಮ್ಮ ಯಾಕೆ ಬಾವಿಕಟ್ಟೆಯಿಂದ ಏಳುತ್ತಿಲ್ಲ ಅಂತ ಗೊತ್ತಾಗಲಿಲ್ಲ.

ನಮಗೆ ಬೇಗ ಮುಗಿಯಿತು, ಜನ ಇದ್ದರಲ್ಲ. ಆದರೆ ಹೋಗುವವರು ಹೋದ ಹಾಗೆ ಸಾಲು ಚಿಕ್ಕದಾಗುತ್ತದೆ. ಬಾಯಮ್ಮನ ಮನೆಗೆ ಅರ್ಧ ಜನ. ಪಡುಮನೆ ಕೊನೆಯಲ್ಲಿ ಉಳಿಯಿತು. ಅಪ್ಪ ನಮ್ಮ ಹೊಸ ಮನೆಯಿದ್ದ ಗುಡ್ಡದ ಊರು ಕಾಟಿಪಳ್ಳದಿಂದ ಹೊರಟು ಅಲ್ಲಿಗೆ ಹೋದರು, ನಾನೂ ಬೆನ್ನು ಹತ್ತಿದೆ. ಎಲ್ಲರ ಮನೆಗೂ ಹಂಚು ಇಳಿಸಿಕೊಟ್ಟವರ ಮಾಡಿನ ಕೆಳಗೆ ಅವತ್ತು ನಾವು, ಅವರ ಮನೆಯವರು, ಕೂಲಿಗೆ ಕರೆದ ಇಬ್ಬರು, ಅಷ್ಟೇ. ಪರಿಹಾರದ ಲೆಕ್ಕದಲ್ಲಿ ತೆಂಗಿನ ಮರಕ್ಕೆ ಬೆಲೆ ಕಟ್ಟಿದರು. ಇದಕ್ಕೆ ಯಾವ ಕಾಲಂ ಇತ್ತು ಹೇಳಿ?

"ನೀವೂ ಗುಡ್ಡಕ್ಕೇ ಬನ್ನಿ ದೊಡ್ಡಮ್ಮ" ಅಂದರು ಅಪ್ಪ.

"ಬಂದು ದೋಣಿ ಎಲ್ಲಿ ಇಡಲಿ ಮಗಾ?"

ಅದೂ ಸರಿಯೇ. ಕಾಟಿಪಳ್ಳ, ಕೃಷ್ಣಾಪುರದಲ್ಲಿ ಮುರಕಲ್ಲಿನ ನೆಲ. ಊರಲ್ಲಿ ಹೊಯ್ಗೆ ಸ್ವಲ್ಪ ತೋಡಿದರೆ ಸಿಹಿನೀರು ಬರುತ್ತಿತ್ತು, ಇಲ್ಲಿ ಕಲ್ಲು ಕಡಿದೇ ಬಾವಿ ಇಳಿಸಬೇಕು. ಅವರು ಕಡಲ ಬದಿಯಲ್ಲೇ ಬೇರೆ ಜಾಗ ಹಿಡಿದರು.

ಬಂದರು ಮುಗಿದು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಅದಕ್ಕೂ ಎಷ್ಟೋ ಮೊದಲು, ಒಮ್ಮೆ ದೊಡ್ಡಮ್ಮ ಬುಟ್ಟಿಯಲ್ಲಿ ಬಂಗುಡೆ ಹೊತ್ತು ನಮ್ಮನ್ನು ಹುಡುಕಿಕೊಂಡು ಬಂದಿದ್ದರಂತೆ. ಊರಲ್ಲಿದ್ದ ಮನೆ ಹೆಸರು ಹೇಳಿ ಕೇಳಿದ್ದಾರೆ. ಇಲ್ಲಿ ಎಲ್ಲ ಬ್ಲಾಕ್ ನಂಬರು, ಯಾರಿಗೂ ಗೊತ್ತಾಗಿಲ್ಲ. ಕೊನೆಗೆ ಹೇಗೋ ಬಾಯಮ್ಮ ಸಿಕ್ಕಿ, ಅವರಲ್ಲೇ ಮೀನು ಕೊಟ್ಟು ಬಸ್ಸು ಹತ್ತಿದರು. ಬಾಯಮ್ಮ ಸಂಜೆ ನಮ್ಮ ಪಾಲು ತಂದುಕೊಟ್ಟರು. ದೊಡ್ಡ ದೊಡ್ಡದನ್ನೆಲ್ಲ ತಾವೇ ಇಟ್ಟುಕೊಂಡರು ಅಂತ ಅಮ್ಮ ಬಹಳ ಕಾಲ ಹೇಳುತ್ತಿದ್ದರು.