ಬೆಲ್ಟ್‌ಗಿಂತ ಮೊದಲೇ ಬರುವ ಹೆಸರು

2024ರ ನವೆಂಬರ್ 15ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಹಳೆಯ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಮೈಕ್ ಟೈಸನ್ ಮತ್ತು ಯೂಟ್ಯೂಬ್‌ನಿಂದ ಬಂದ ಜೇಕ್ ಪಾಲ್ ರಿಂಗ್‌ಗೆ ಇಳಿಯುವ ಮೊದಲೇ ಆ ಪಂದ್ಯ ನಮ್ಮ ಫೋನುಗಳಲ್ಲಿ ತಿಂಗಳುಗಟ್ಟಲೆ ನಡೆದುಹೋಗಿತ್ತು. ತರಬೇತುದಾರ ಹಿಡಿದ ಪ್ಯಾಡಿಗೆ ಟೈಸನ್ ಗುದ್ದುವ ಕೆಲವೇ ಸೆಕೆಂಡುಗಳ ತುಣುಕುಗಳನ್ನು ನೋಡಿದವರಿಗೆ ಅವರಿಗೆ 58 ವರ್ಷ ಎಂಬುದೇ ಮರೆತುಹೋಗುತ್ತಿತ್ತು. ಹಿಂದಿನ ದಿನದ ತೂಕ ಪರೀಕ್ಷೆಯಲ್ಲಿ ಅವರು ಎದುರಾಳಿಯ ಕೆನ್ನೆಗೆ ಬಾರಿಸಿದ ದೃಶ್ಯವಂತೂ ಬಾಕ್ಸಿಂಗ್‌ನ ಗಂಧಗಾಳಿ ಇಲ್ಲದವರನ್ನೂ ತಲುಪಿತು. ಆದರೆ ತಲಾ ಎರಡು ನಿಮಿಷಗಳ ಎಂಟು ಸುತ್ತುಗಳಲ್ಲಿ ಟೈಸನ್ ಹೊಡೆದ 97 ಪಂಚ್‌ಗಳ ಪೈಕಿ ಗುರಿ ಮುಟ್ಟಿದ್ದು 18 ಮಾತ್ರ. 27ರ ಹರೆಯದ ಪಾಲ್ ಮೂವರು ತೀರ್ಪುಗಾರರ ಒಮ್ಮತದಿಂದ ಗೆದ್ದರು. ಆರು ಕೋಟಿ ಮನೆಗಳಲ್ಲಿ ಪಂದ್ಯವನ್ನು ವೀಕ್ಷಿಸಲಾಯಿತು ಎಂದು ಅದನ್ನು ನೇರ ಪ್ರಸಾರ ಮಾಡಿದ ನೆಟ್‌ಫ್ಲಿಕ್ಸ್ ಹೇಳಿಕೊಂಡಿತು.

ಅಮೆಚೂರ್ ಹಂತ ದಾಟಿ, ಸಣ್ಣಪುಟ್ಟ ಸಭಾಂಗಣಗಳಲ್ಲಿ ಏಟು ತಿಂದು, ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಗೆದ್ದ ಮೇಲೆ ಹೆಸರು ಬರುವುದು ಈ ಕ್ರೀಡೆಯ ಹಳೆಯ ಕ್ರಮ. ಅದು ತಲೆಕೆಳಗಾದದ್ದು 2019ರ ನವೆಂಬರ್‌ನಲ್ಲೇ ಸ್ಪಷ್ಟವಾಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಕೆಎಸ್ಐ ಮತ್ತು ಜೇಕ್ ಅವರ ಅಣ್ಣ ಲೋಗನ್ ಪಾಲ್ ಎಂಬ ಯೂಟ್ಯೂಬರ್‌ಗಳಿಬ್ಬರು ತಮ್ಮ ಮೊದಲ ವೃತ್ತಿಪರ ಪಂದ್ಯ ಆಡಿದ ರಾತ್ರಿ, ಬಿಲ್ಲಿ ಜೋ ಸಾಂಡರ್ಸ್ ಮತ್ತು ಡೆವಿನ್ ಹೇನಿ ತಮ್ಮ ವಿಶ್ವ ಪ್ರಶಸ್ತಿಗಳನ್ನು ಉಳಿಸಿಕೊಳ್ಳಲು ಸೆಣಸಿದ್ದು ಅದಕ್ಕೂ ಮುಂಚಿನ ಪಂದ್ಯಗಳಲ್ಲಿ. ಚಾಂಪಿಯನ್ನರು ಅಂದು ಊಟಕ್ಕೆ ನಂಚಿಕೊಳ್ಳುವ ಉಪ್ಪಿನಕಾಯಿಯಾಗಿದ್ದರು.

ಯೂಟ್ಯೂಬರ್‌ಗಳು ಗವಸು ತೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ನನ್ನನ್ನು ಕಾಡುವುದು ಸೋಲಿಗೆ ಬೆಲೆಯೇ ಇಲ್ಲದಂತಾಗಿರುವುದು. 2023ರಲ್ಲಿ ಬ್ರಿಟನ್‌ನ ಬಾಕ್ಸರ್ ಟಾಮಿ ಫ್ಯೂರಿಗೆ ಸೋತ ಜೇಕ್ ಪಾಲ್‌ಗೆ ಮುಂದೆ ಸಿಕ್ಕಿದ್ದು ಇನ್ನೂ ದೊಡ್ಡ ವೇದಿಕೆ. 2025ರಲ್ಲಿ, ಉತ್ತಮ ದಿನಗಳು ಎಂದೋ ಮುಗಿದಿದ್ದ ಹೂಲಿಯೊ ಸೀಸರ್ ಚಾವೆಜ್ ಜೂನಿಯರ್ ಅವರನ್ನು ಸೋಲಿಸಿದ ಬೆನ್ನಲ್ಲೇ ವಿಶ್ವ ಪ್ರಶಸ್ತಿ ನೀಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಎ ಪಾಲ್‌ಗೆ ಕ್ರೂಸರ್‌ವೇಟ್ ತೂಕ ವಿಭಾಗದಲ್ಲಿ 14ನೇ ಸ್ಥಾನ ಕೊಟ್ಟಿತು. ಅಪ್ಪಟ ಬಾಕ್ಸರ್‌ಗಳೂ ಈ ದಾರಿ ಹಿಡಿದಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ಕೈವೇಗದಿಂದಲೇ ಮನೆಮಾತಾಗಿದ್ದ ರಯಾನ್ ಗಾರ್ಸಿಯಾ 2024ರ ಏಪ್ರಿಲ್‌ನಲ್ಲಿ ಹೇನಿ ವಿರುದ್ಧದ ಪಂದ್ಯಕ್ಕೆ ಮುನ್ನ ದಿನಕ್ಕೊಂದು ವಿಚಿತ್ರ ಪೋಸ್ಟ್ ಹಾಕುತ್ತ ಸುದ್ದಿಯಲ್ಲಿದ್ದರು. ತೂಕದ ಮಿತಿಯನ್ನು 3.2 ಪೌಂಡ್ ಮೀರಿದರು, ಹೇನಿಯನ್ನು ಮೂರು ಬಾರಿ ನೆಲಕ್ಕೆ ಕೆಡವಿ ಗೆದ್ದರು, ಆಮೇಲೆ ನಿಷೇಧಿತ ಮದ್ದು ಪತ್ತೆಯಾಗಿ ಫಲಿತಾಂಶವೇ ರದ್ದಾಯಿತು, ಒಂದು ವರ್ಷದ ಅಮಾನತೂ ಆಯಿತು. ಅಭಿಮಾನಿಗಳ ಸಂತೆ ಮಾತ್ರ ಕರಗಲಿಲ್ಲ. ಇತ್ತ ಅಮೆರಿಕದ ಒಮಾಹಾ ನಗರದ ಟೆರೆನ್ಸ್ ಕ್ರಾಫರ್ಡ್, ಎರಡು ತೂಕ ವಿಭಾಗಗಳಲ್ಲಿ ಎಲ್ಲ ಬೆಲ್ಟ್‌ಗಳನ್ನೂ ಬಾಚಿದ್ದ, ಸೋಲನ್ನೇ ಕಾಣದ ಬಾಕ್ಸರ್, ಅಂಥ ಪ್ರೇಕ್ಷಕ ಸಾಗರವನ್ನು ಕಂಡದ್ದು 2025ರ ಸೆಪ್ಟೆಂಬರ್‌ನಲ್ಲಿ, ತಮ್ಮ 37ನೇ ವಯಸ್ಸಿನಲ್ಲಿ, ಮೆಕ್ಸಿಕೊದ ತಾರಾ ಬಾಕ್ಸರ್ ಕನೆಲೊ ಅಲ್ವಾರೆಜ್ ಎದುರು.

ಹಾಗೆಂದು ಈ ಅಬ್ಬರದಿಂದ ಒಳಿತೇ ಆಗಿಲ್ಲ ಎನ್ನಲಾರೆ. ಟೈಸನ್ ಪಂದ್ಯದ ರಾತ್ರಿಯೇ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಹತ್ತು ಸುತ್ತು ಕಾದಾಡಿದರು. ಸೆರಾನೊ ಅವರ ಬಲಗಣ್ಣಿನ ಮೇಲೆ ಆಳವಾದ ಗಾಯವಾಗಿ ರಕ್ತ ಸುರಿಯುತ್ತಿದ್ದರೂ ಒಬ್ಬರೂ ಹಿಂಜರಿಯಲಿಲ್ಲ. ಮೂವರು ತೀರ್ಪುಗಾರರೂ 95-94 ಅಂಕಗಳಲ್ಲಿ ಟೇಲರ್ ಪರ ನಿಂತರು. ಸೆರಾನೊ ಗೆದ್ದರೆಂದು ವಾದಿಸುವವರು ಈಗಲೂ ಇದ್ದಾರೆ. ಮಹಿಳೆಯರ ಬಾಕ್ಸಿಂಗ್‌ಗೆ ಅಷ್ಟೊಂದು ಕಣ್ಣುಗಳು ದೊರೆತದ್ದು ಸೆರಾನೊ ಅವರ ಪಂದ್ಯಗಳನ್ನು ಏರ್ಪಡಿಸುವ ಪ್ರೊಮೋಟರ್ ಕೂಡ ಆದ ಜೇಕ್ ಪಾಲ್ ಅವರ ಜನಪ್ರಿಯತೆಯಿಂದಲೇ. ಅದೇ ರಾತ್ರಿ ಹರಿಯಾಣದ ನೀರಜ್ ಗೋಯತ್ ಕೂಡ ಗೆದ್ದರು. ಎದುರಾಳಿ ಬ್ರೆಜಿಲ್‌ನ ಹಾಸ್ಯ ಕಲಾವಿದ ವಿಂಡರ್ಸನ್ ನುನೆಸ್. ಇನ್ನೊಂದು ವಿಶ್ವ ಸಂಸ್ಥೆ ಡಬ್ಲ್ಯುಬಿಸಿಯ ಏಷ್ಯಾ ಪ್ರಶಸ್ತಿ ಗೆದ್ದಿದ್ದ ನಮ್ಮ ಬಾಕ್ಸರ್‌ಗೆ ಜಗತ್ತಿನ ಮುಂದೆ ನಿಲ್ಲಲು ಸಿಕ್ಕ ಅವಕಾಶ ಅದು ಎಂದರೆ ಹೆಮ್ಮೆಪಡಬೇಕೋ ಬೇಸರಪಡಬೇಕೋ ತಿಳಿಯುವುದಿಲ್ಲ.

2025ರ ಡಿಸೆಂಬರ್ 19ರಂದು ಮಯಾಮಿಯಲ್ಲಿ ಪಾಲ್ ಎದುರು ನಿಂತವರು ಎರಡು ಬಾರಿಯ ಹೆವಿವೇಟ್ ಚಾಂಪಿಯನ್ ಆಂಥೊನಿ ಜೋಶುವಾ. ಆರನೇ ಸುತ್ತಿನಲ್ಲಿ ನಾಕೌಟ್. ಪಾಲ್ ದವಡೆ ಎರಡು ಕಡೆ ಮುರಿಯಿತು. ಗಂಟೆಗಳು ಕಳೆಯುವುದರೊಳಗೆ ಅವರು ಆ ದವಡೆಯ ಎಕ್ಸ್-ರೇಯನ್ನೇ ಪೋಸ್ಟ್ ಮಾಡಿ, ಹತ್ತು ದಿನದಲ್ಲಿ ಕನೆಲೊ ಜೊತೆ ಪಂದ್ಯ ಕೊಡಿ ಎಂದು ತಮಾಷೆ ಮಾಡಿದರು.